ಲಾಭ, ಎರಡು, ಮೂರು

ನವೆಂಬರ್ ೧೮, ಮಂಗಳವಾರ

ಸುಧಾಕರ ಸರ್ ಇವತ್ತು ಕರೆದು ಕೂರಿಸಿದರು. ನಮ್ಮ ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರು ಯಾರನ್ನಾದರೂ ಕೂರಿಸಿ ಮಾತಾಡುತ್ತಿದ್ದಾರೆ ಅಂದರೆ ಅದು ಒಳ್ಳೆಯದಕ್ಕಲ್ಲ ಎಂದು ಹೊನ್ನಾವರದಲ್ಲಿ ಎಲ್ಲರಿಗೂ ಗೊತ್ತು. ಜನವರಿಯಿಂದ ಸಂಜೆಯ ಮೈದಾನ ವಾಲಿಬಾಲ್‌ನವರಿಗಂತೆ. ನಮ್ಮದು ಲೆಕ್ಕಕ್ಕಿಲ್ಲದ ಆಟವಂತೆ.

“ಅಲ್ಲ ದಿವ್ಯಶ್ರೀ, ಅಂಪೈರೇ ಇಲ್ದೇ ಇದ್ದದ್ದು ಎಂತ ಆಟ ಅದು? ಆ ಪ್ಲಾಸ್ಟಿಕ್ ತಟ್ಟೆ ಬಿಸಾಡಿ ಬಿಸಾಡಿ ಕಾಲೇಜಿಗೆ ಲಾಭ ಎಂತ?”

ನಾನು ಬಿಡುವವಳಲ್ಲ. ಅದು ತಟ್ಟೆಯಲ್ಲ, ಡಿಸ್ಕ್ ಎಂದೆ. ಅಲ್ಟಿಮೇಟ್ ಫ್ರಿಸ್‌ಬಿ ಎಂದರೆ ಏನೆಂದು ನಾಲ್ಕನೇ ಸಲ ವಿವರಿಸಿದೆ. ಒಂದೊಂದು ಕಡೆಗೆ ಏಳು ಜನ, ಹುಡುಗರು ಹುಡುಗಿಯರು ಒಟ್ಟಿಗೆ. ಡಿಸ್ಕ್ ಕೈಯಲ್ಲಿದ್ದವರು ಓಡುವಂತಿಲ್ಲ, ಇನ್ನೊಬ್ಬರಿಗೆ ಎಸೆಯಬೇಕು. ಎದುರಾಳಿಯ ಗೆರೆ ದಾಟಿ ಹಿಡಿದರೆ ಒಂದು ಪಾಯಿಂಟ್. ಅಂಪೈರ್ ಯಾಕಿಲ್ಲ ಅಂದರೆ, ತಪ್ಪಾದರೆ ತಪ್ಪಾಯಿತು ಎಂದು ಆಡುವವರೇ ಹೇಳಬೇಕು, ಅದೇ ನಿಯಮ. ಸರ್ ನಕ್ಕುಬಿಟ್ಟರು.

“ಆಡುವವರೇ ಹೇಳೂದಾ? ನಮ್ಮ ಜಿಲ್ಲೇಲಾ? ಆತು ಬಿಡು.”

ಅರ್ಧ ಗಂಟೆ ವಾದ ಮಾಡಿದ ಮೇಲೆ ಒಂದು ಮಾತಿಗೆ ಬಂದರು. ಡಿಸೆಂಬರ್ ಮೊದಲ ವಾರ ಕುಮಟೆಯಲ್ಲಿ ಅಂತರ ಕಾಲೇಜು ಟೂರ್ನಿ ಇದೆಯಲ್ಲ, ಅದರಲ್ಲಿ ಫೈನಲ್ ತಲುಪಿದರೆ ಮೈದಾನ ನಮ್ಮದೇ. ಇಲ್ಲದಿದ್ದರೆ ಡಿಸ್ಕನ್ನು ಊಟದ ತಟ್ಟೆ ಮಾಡಿಕೊಳ್ಳಿ ಎಂದರು.

ಈ ತಂಡ ಕಟ್ಟಿದವಳು ನಾನು. ಮಂಗಳೂರಿನಲ್ಲಿ ಅತ್ತೆಯ ಮನೆಗೆ ಹೋದಾಗ ಕಲಿತು ಬಂದು, ಒಬ್ಬೊಬ್ಬರನ್ನೇ ಹಿಡಿದು ತಂದು ಕಲಿಸಿದೆ. ಇದು ನನ್ನ ಕೊನೆಯ ವರ್ಷ. ನಾನು ಹೋಗುವ ಮೊದಲೇ ನನ್ನ ತಂಡ ಹೋಗುವುದು ಸಾಧ್ಯವಿಲ್ಲ. ಫೈನಲ್ ತಲುಪುತ್ತೇವೆ, ಅದರಲ್ಲಿ ಸಂಶಯವಿಲ್ಲ.

ನವೆಂಬರ್ ೨೦, ಗುರುವಾರ

ಮೈದಾನದಲ್ಲಿ ಕ್ರಿಕೆಟ್ ಮ್ಯಾಚು. ಅಪ್ಸರಕೊಂಡದ ಕಡಲತೀರಕ್ಕೆ ಹೋಗಿ ಅಭ್ಯಾಸ ಮಾಡಿದೆವು. ಜಲಪಾತ ನೋಡಲು ಬಂದವರೆಲ್ಲ ನಮ್ಮನ್ನು ನೋಡುತ್ತ ನಿಂತರು. ನಮ್ಮ ತಂಡದ ಹುಡುಗಿ ಲಕ್ಕಿಯ ಓಟಕ್ಕೆ ಯಾರೋ ಚಪ್ಪಾಳೆ ತಟ್ಟಿದರು. ಲಕ್ಕಿಗೆ ಓಡಲು ಬರುತ್ತದೆ, ತಲೆ ಓಡಿಸಲು ಬರುವುದಿಲ್ಲ. ಅದಕ್ಕೆ ನಾನಿದ್ದೇನೆ.

ವೆಂಕಟ ಬೈಕಿನಿಂದ ಬಿದ್ದು ಕೈ ಮುರಿದುಕೊಂಡಿದ್ದರಿಂದ ಒಬ್ಬ ಹೊಸಬ ಬೇಕಾಗಿತ್ತು. ಲಕ್ಕಿ ತನ್ನ ಊರಿನ ಕಡೆಯ ಜಟ್ಟ ಎಂಬವನನ್ನು ಕರೆತಂದಳು. ಬಿ.ಎ. ಮೊದಲ ವರ್ಷ, ತೆಂಗಿನ ಮರದಷ್ಟು ಎತ್ತರ, ಮಾತು ಅಳೆದು ಸುರಿದಷ್ಟೇ. ಹಿಡಿಯುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿಲ್ಲ. ಮೆದೆ ಒಟ್ಟುವಾಗ ಕೆಳಗಿನಿಂದ ಎಸೆದ ಹುಲ್ಲಿನ ಕಟ್ಟು ಹಿಡಿದು ಹಿಡಿದು ಅಭ್ಯಾಸವಂತೆ.

ಅವನಿಗೆ ಎಣಿಕೆ ಹೇಳಿಕೊಟ್ಟೆ. ಎದುರಾಳಿಯ ಕೈಗೆ ಡಿಸ್ಕ್ ಬಂದ ಕೂಡಲೇ ಅವನೆದುರು ನಿಂತು ಒಂದರಿಂದ ಹತ್ತರವರೆಗೆ ಗಟ್ಟಿಯಾಗಿ ಎಣಿಸಬೇಕು, ಓಡಿಸದೆ, ಸೆಕೆಂಡಿಗೊಂದರಂತೆ. ಹತ್ತು ಅನ್ನುವುದರೊಳಗೆ ಅವನು ಎಸೆಯದಿದ್ದರೆ ಡಿಸ್ಕ್ ನಮ್ಮದು. ಆತು ಅಕ್ಕ ಎಂದ. ಹೋಗಿ ಲಕ್ಕಿಯ ಮುಂದೆ ನಿಂತ. ನಿಂತು ಶುರು ಮಾಡಿದ.

“ಲಾಭ, ಎರಡು, ಮೂರು, ನಾಲ್ಕು...”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. “ಇದು ಭತ್ತ ಅಳೆಯೋ ಕಣ ಅಲ್ಲ ಮಾರಾಯ. ಒನ್, ಟೂ, ಥ್ರೀ ಅನ್ನು. ಧಾರವಾಡದವ್ರು, ಮಂಗಳೂರಿನವ್ರು ಬರ್ತಾರೆ ಅಲ್ಲಿಗೆ. ಮಾನ ತೆಗೀಬೇಡ.”

ಒನ್ ಅಂದ. ಮರುಗಳಿಗೆಗೆ ಮತ್ತೆ ಲಾಭ. ಐದಾರು ಸಲ ತಿದ್ದಬೇಕಾಯಿತು.

ನವೆಂಬರ್ ೨೩, ರವಿವಾರ

ನಮ್ಮೂರು ಬೆಳಕೆಗೆ, ಮನೆಗೆ ಬಂದಿದ್ದೇನೆ. ಗದ್ದೆ ಕೊಯ್ಲು ಮುಗಿದಿದೆ. ಅಪ್ಪನಿಗೆ ಬಸ್ ಡ್ಯೂಟಿ, ತಮ್ಮ ಮಲಗಿದ್ದ. ಚೀಲ ಹಿಡಿಯುವ ಕೆಲಸ ಎಂದಿನಂತೆ ನನ್ನ ಪಾಲಿಗೆ ಬಂತು.

ಅಮ್ಮ ಕೊಳಗದಲ್ಲಿ ಅಳೆದು ಸುರಿಯುತ್ತಾಳೆ, ನಾನು ಚೀಲದ ಬಾಯಿ ಅಗಲಿಸಿ ಹಿಡಿಯುತ್ತೇನೆ. ಮೊದಲ ಕೊಳಗಕ್ಕೆ “ಲಾಭ” ಎನ್ನುತ್ತಾಳೆ, ಆಮೇಲೆ ಎರಡು, ಮೂರು. ಒಂದು ಎನ್ನುವುದೇ ಇಲ್ಲ. ನಾನು ಚಿಕ್ಕವಳಿದ್ದಾಗ ಯಾಕೆ ಅಂತ ಕೇಳಿದ್ದೆ. ಇವತ್ತು ಮತ್ತೆ ಕೇಳಿದೆ.

“ಒಂದು ಅಂದ್ರೆ ಒಂದೇ ಅಲ್ದಾ. ಮೊದ್ಲಿಗೇ ಲಾಭ ಅಂದ್ಬಿಟ್ರೆ ಕಡೇವರೆಗೂ ಕೈಗೂಡ್ತದೆ. ನೀ ಚೀಲ ಸಮ ಹಿಡಿ.”

ನಾಲ್ಕನೇ ಚೀಲಕ್ಕೆ ಬರುವಷ್ಟರಲ್ಲಿ ಅಮ್ಮನ ಜೊತೆ ನಾನೂ ಎಣಿಸುತ್ತಿದ್ದೆ. ಬಾಯಿ ತಾನಾಗಿ ಹೋಗುತ್ತದೆ, ಏನು ಮಾಡುವುದು. ಇದನ್ನೆಲ್ಲ ಕಾಲೇಜಿನಲ್ಲಿ ಹೇಳಬೇಕಾಗಿಲ್ಲ. ಜಟ್ಟನಿಗಂತೂ ಹೇಳಲೇಬಾರದು.

ನವೆಂಬರ್ ೨೭, ಗುರುವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಕುಮಟೆಯವರ ಜೊತೆ ಅಭ್ಯಾಸದ ಪಂದ್ಯ. ಗೆಲ್ಲುವ ಪಾಯಿಂಟನ್ನು ಜಟ್ಟ ಹಾರಿ ಹಿಡಿದ. ಎಲ್ಲರೂ ಕುಣಿಯುತ್ತಿದ್ದೆವು. ಅವನು ಡಿಸ್ಕನ್ನು ನೆಲಕ್ಕಿಟ್ಟು, “ನನ್ನ ಕಾಲು ಗೆರೆ ಹೊರಗೆ ಬಿತ್ತು” ಎಂದ. ಯಾರೂ ನೋಡಿರಲಿಲ್ಲ. ಕುಮಟೆಯವರೂ ನೋಡಿರಲಿಲ್ಲ. ಅವರಿಗೆ ಡಿಸ್ಕ್ ಹೋಯಿತು, ಪಂದ್ಯವೂ ಹೋಯಿತು.

ಬಸ್ಸಿನಲ್ಲಿ ಕೇಳಿದೆ. “ಯಾರಾದ್ರೂ ಕೇಳಿದ್ರಾ ನಿನ್ನ?”

“ಇಲ್ಲ ಅಕ್ಕ. ಆಡುವವರೇ ಹೇಳ್ಬೇಕು ಅಂತ ನೀವೇ ಹೇಳಿದ್ದು.”

ಹೌದು, ನಾನೇ ಹೇಳಿದ್ದು. ಆದರೆ ನಿಯಮ ಹೇಳುವುದಕ್ಕೂ ಗೆಲ್ಲುವ ಪಾಯಿಂಟಿಗೂ ಸ್ವಲ್ಪ ವ್ಯತ್ಯಾಸ ಇರಬೇಡವೇ. ಇನ್ನೊಂದು ವಿಷಯ: ನಾನು ಖಾಲಿ ನಿಂತು ಕೈಯೆತ್ತಿ ಕೂಗಿದರೂ ಅವನು ನನಗೆ ಎಸೆಯುವುದಿಲ್ಲ. ಕ್ಯಾಪ್ಟನ್ ಕೂಗಿದರೆ ಎಸೆಯಬೇಕು. ಇದನ್ನೂ ತಿದ್ದುತ್ತೇನೆ.

ಡಿಸೆಂಬರ್ ೩, ಬುಧವಾರ

ಅಭ್ಯಾಸ ಚೆನ್ನಾಗಿ ನಡೆಯುತ್ತಿದೆ. ಜಟ್ಟ ಈಗ ಒನ್ ಅನ್ನುತ್ತಾನೆ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕವನ ಹಾಗೆ ಅನ್ನುತ್ತಾನೆ, ಆದರೂ ಅನ್ನುತ್ತಾನೆ. ತಿದ್ದಿದರೆ ಯಾರನ್ನೂ ತಿದ್ದಬಹುದು.

ಡಿಸೆಂಬರ್ ೫, ಶುಕ್ರವಾರ

ನಾಳೆ. ಎಲ್ಲ ತಯಾರಿದೆ. ಬೆಳಿಗ್ಗೆ ಲಕ್ಕಿ ಇಡಗುಂಜಿಗೆ ಹೋಗಿ ತಂಡದ ಹೆಸರಿನಲ್ಲಿ ಪೂಜೆ ಮಾಡಿಸಿ ಪ್ರಸಾದ ತಂದಿದ್ದಳು. ಗಣಪತಿಗೆ ಅಲ್ಟಿಮೇಟ್ ಎಂದರೆ ಏನೆಂದು ಯಾರು ವಿವರಿಸಿದರೋ ಗೊತ್ತಿಲ್ಲ. ನಾನು ತಿಂದೆ. ತೊಂದರೆ ಏನಿಲ್ಲ.

ಡಿಸೆಂಬರ್ ೬, ಶನಿವಾರ, ಕುಮಟೆ

ಮೂರು ಪಂದ್ಯ, ಎರಡು ಗೆಲುವು. ಮಂಗಳೂರಿನವರಿಗೆ ಸೋತೆವು, ಅವರಿಗೆ ಎಲ್ಲರೂ ಸೋಲುತ್ತಿದ್ದಾರೆ. ಸೆಮಿಫೈನಲ್ ಸಿಕ್ಕಿದೆ. ಎದುರಾಳಿ ಭಟ್ಕಳ.

ಬೇಕಾದದ್ದೂ ಅವರೇ. ಹೋದ ವರ್ಷ ಇದೇ ಮೈದಾನದಲ್ಲಿ ನಮ್ಮನ್ನು ಸೋಲಿಸಿ, ಕೈಕುಲುಕುವಾಗ ಅವರ ಕ್ಯಾಪ್ಟನ್ ಅಫ್ಫಾನ್ “ಚೆನ್ನಾಗಿ ಆಡಿದ್ರಿ” ಎಂದಿದ್ದ. ಸೋತವರಿಗೆ ಹೇಳಬಾರದ ಮಾತು ಅದು. ಈ ಸಲ ನಾನು ಅವನಿಗೆ ಹೇಳುತ್ತೇನೆ. ಅವನು ಚಿಕ್ಕಪ್ಪನ ಮಗನೊಬ್ಬನನ್ನು ತಂಡಕ್ಕೆ ಸೇರಿಸಿಕೊಂಡಿದ್ದಾನೆ. ರಯ್ಯಾನ್ ಎಂದು ಹೆಸರು, ದುಬೈನಲ್ಲಿ ಬೆಳೆದವನು, ಈಗ ಭಟ್ಕಳದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಕನ್ನಡ ಅರ್ಧಂಬರ್ಧ. ಎಸೆತ ಮಾತ್ರ ಪೂರ್ತಿ ಬರುತ್ತದೆ. ಡಿಸ್ಕ್ ಅವನ ಕೈಯಿಂದ ಹೊರಟರೆ ಗಾಳಿ ದಾರಿ ಬಿಡುತ್ತದೆ.

ಸಂಜೆ ನಾವು ಉಳಿದುಕೊಂಡಿರುವ ಶಾಲೆಯ ಜಗಲಿಯಲ್ಲಿ ಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದೆವು. ಜಟ್ಟ ಏನೋ ಗುನುಗುತ್ತಿದ್ದ. ಲಕ್ಕಿ ಅದರ ಕೊನೆಯ ಸಾಲು ಎತ್ತಿಕೊಂಡಳು, ಅವನು ಮುಂದಿನದು ಹೇಳಿದ. ನಾಟಿ ಮಾಡುವಾಗ ಇವರ ಮನೆಗಳಲ್ಲಿ ಹಾಡುವುದಂತೆ, ಒಬ್ಬರು ಹೇಳಿದ್ದನ್ನು ಉಳಿದವರು ತಿರುಗಿ ಹೇಳಬೇಕು. ತಂಡವೆಲ್ಲ ಸೇರಿಕೊಂಡಿತು. ನಾನು ನಾಳೆಯ ಆಟದ ಚಿತ್ರ ಬರೆಯುತ್ತಿದ್ದೆ, ಆದ್ದರಿಂದ ಸೇರಲಿಲ್ಲ. ಆದರೂ ಸಾಲುಗಳು ಈಗಲೂ ತಲೆಯಲ್ಲಿ ತಿರುಗುತ್ತಿವೆ.

ಡಿಸೆಂಬರ್ ೭, ರವಿವಾರ, ರಾತ್ರಿ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನಾಳೆಗೆ ಬಿಟ್ಟರೆ ಲಕ್ಕಿ ಇದನ್ನು ಬೇರೆ ಕಥೆ ಮಾಡಿ ಊರೆಲ್ಲ ಹೇಳಿರುತ್ತಾಳೆ.

ಸೆಮಿಫೈನಲ್ ಶುರುವಿನಿಂದಲೂ ಸಮಸಮ. ಅವರೊಂದು, ನಾವೊಂದು. ರಯ್ಯಾನ್ ಉದ್ದುದ್ದ ಎಸೆಯುತ್ತಾನೆ, ಜಟ್ಟ ಕೊಯ್ದ ಹಾಗೆ ಮೇಲಿನಿಂದ ತೆಗೆಯುತ್ತಾನೆ. ಹನ್ನೆರಡು ಹನ್ನೆರಡು ಆದಾಗ ಸಮಯ ಮುಗಿಯಿತು. ಮುಂದಿನ ಪಾಯಿಂಟ್ ಯಾರದೋ ಫೈನಲ್ ಅವರದು. ಗೆರೆಯಾಚೆ ಸುಧಾಕರ ಸರ್ ನಿಂತಿದ್ದರು. ಬರುತ್ತೇನೆ ಎಂದು ಹೇಳಿರಲಿಲ್ಲ, ಬಂದಿದ್ದರು. ಅವರನ್ನು ಕಂಡ ಕೂಡಲೇ ನನಗೆ ಕಂಡದ್ದು ವಾಲಿಬಾಲ್ ನೆಟ್ಟು.

ಡಿಸ್ಕ್ ಭಟ್ಕಳದವರ ಬಳಿ. ರಯ್ಯಾನ್ ಹಿಡಿದುಕೊಂಡ. ಅವನೆದುರು ನಿಲ್ಲಬೇಕಾದ ನಮ್ಮ ಹುಡುಗ ಜಾರಿ ಬಿದ್ದ. ನಾನೇ ಓಡಿ ಹೋಗಿ ನಿಂತೆ, ಎಣಿಸಲು ಶುರು ಮಾಡಿದೆ. ಹಿಂದೆ ನನ್ನ ತಂಡ ಎಲ್ಲರನ್ನೂ ಮುಚ್ಚಿ ಹಿಡಿದಿತ್ತು. ಅಷ್ಟು ಚೆನ್ನಾಗಿ ಅವರು ಎಂದೂ ಆಡಿರಲಿಲ್ಲ. ಅವನು ಆ ಕಡೆ ನೋಡಿದ, ಈ ಕಡೆ ನೋಡಿದ, ಎಸೆಯುವ ಹಾಗೆ ಮಾಡಿ ನಿಲ್ಲಿಸಿದ. ನಾನು ಓಡಿಸದೆ ಎಣಿಸಿದೆ. ಹತ್ತು ಅಂದಾಗ ಡಿಸ್ಕ್ ಇನ್ನೂ ಅವನ ಕೈಯಲ್ಲಿತ್ತು.

“ಸ್ಟಾಲ್” ಎಂದು ಕೂಗಿದೆ. ಹತ್ತು ಮುಗಿಯಿತು, ಡಿಸ್ಕ್ ಕೊಡು ಎಂದು ಅದರ ಅರ್ಥ. ರಯ್ಯಾನ್ ಕೊಡಲಿಲ್ಲ.

“ನಾನು ಒಪ್ಪೂದಿಲ್ಲ. ಫಾಸ್ಟ್ ಕೌಂಟ್. ನೀವು ಎರಡರಿಂದ ಶುರು ಮಾಡಿದ್ರಿ. ಒಂದು ಇಲ್ಲ.”

ಅವನು ಒಪ್ಪದಿದ್ದರೆ ಡಿಸ್ಕ್ ಅವನಿಗೇ, ಎಣಿಕೆ ಮತ್ತೆ ಎಂಟರಿಂದ. ಒಪ್ಪಿಕೊಂಡರೆ ನಮಗೆ. ತೀರ್ಮಾನಿಸಲು ಯಾರೂ ಇಲ್ಲ, ನಾವೇ. ಅಫ್ಫಾನ್ ಹತ್ತಿರ ಬಂದು ನನ್ನನ್ನು ಕೇಳಿದ. “ಎಂತ ಹೇಳಿದ್ರಿ ಮೊದ್ಲು?”

“ಒನ್ ಅಂದೆ” ಎಂದೆ. ಒಂದಿಷ್ಟೂ ತಡವರಿಸದೆ ಹೇಳಿದೆ. ಎರಡೂವರೆ ವಾರದಿಂದ ಎಲ್ಲರ ಬಾಯಲ್ಲೂ ಒನ್ ಹಾಕಿಸಿದವಳು ನಾನು, ನನ್ನ ಬಾಯಲ್ಲಿ ಬೇರೆ ಏನು ಬರುತ್ತದೆ.

ಆಗ ಹಿಂದಿನಿಂದ ಜಟ್ಟನ ದನಿ ಬಂತು. “ಇಲ್ಲ ಅಕ್ಕ. ನೀವು ಲಾಭ ಅಂದ್ರಿ.”

ಆ ಗಳಿಗೆಯಲ್ಲಿ ಅವನನ್ನು ಕುಮಟೆಯ ಸಮುದ್ರಕ್ಕೆ ಎಸೆಯಬೇಕು ಅನ್ನಿಸಿತು. ಎದುರು ತಂಡದ ಮುಂದೆ, ಸರ್ ಮುಂದೆ, ಕ್ಯಾಪ್ಟನ್ ಸುಳ್ಳು ಹೇಳಿದಳು ಅನ್ನುವ ಹಾಗಾಯಿತು. ಬಾಯಿ ತೆರೆದೆ, ಅವನಿಗೆ ಸರಿಯಾಗಿ ಬಯ್ಯಬೇಕೆಂದೇ ತೆರೆದೆ. ಅಷ್ಟರಲ್ಲಿ ಕೊನೆಯಲ್ಲಿ ನಾನು ಅಂದದ್ದು ಕಿವಿಗೆ ಬಂತು. ಹತ್ತು ಅಂದಿದ್ದೆ. ಟೆನ್ ಅಂದಿರಲಿಲ್ಲ. ಕೊನೆ ಹತ್ತಾದರೆ ಮೊದಲು ಒನ್ ಆಗಿರುವುದು ಸಾಧ್ಯವಿಲ್ಲ. ಮೊದಲು ಏನಿರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ತುಂಬಾ ನಾಚಿಕೆಯಾಯಿತು. ಆದರೂ ಹೇಳಿದೆ. ಹೇಳುವುದಾದರೆ ಗಟ್ಟಿಯಾಗಿಯೇ ಹೇಳಬೇಕು ಎಂದು ಇಡೀ ಮೈದಾನಕ್ಕೆ ಕೇಳುವ ಹಾಗೆ ಹೇಳಿದೆ.

“ಅವ ಹೇಳಿದ್ದು ಸರಿ. ಲಾಭ ಅಂದೆ. ಲಾಭ ಅಂದ್ರೆ ಒಂದು. ನಮ್ಮನೇಲಿ ಭತ್ತ ಅಳೀವಾಗ ಹಾಗೇ ಎಣಿಸೂದು. ಬೆಳಕೇಲಿ ನಮ್ಮಮ್ಮನ್ನ ಕೇಳಿ ಬೇಕಾದ್ರೆ.”

ನನ್ನ ತಂಡದವರು ನನ್ನನ್ನೇ ನೋಡಿದರು. ಜಟ್ಟ ಮಾತ್ರ ಹಲ್ಲು ಕಿರಿದ. ರಯ್ಯಾನ್‌ಗೆ ನಂಬಿಕೆ ಬರಲಿಲ್ಲ. “ಲಾಭ ಅಂದ್ರೆ ಪ್ರಾಫಿಟ್ ಅಲ್ವಾ?” ಎಂದ. ಅವನದೇನೂ ತಪ್ಪಿಲ್ಲ. ಕೇಳಿದರೆ ಯಾರಿಗಾದರೂ ಆಗಷ್ಟೇ ಹೊಸೆದ ಮಾತಿನ ಹಾಗೆ ಕೇಳುತ್ತದೆ.

ಅಫ್ಫಾನ್ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದ. ಮೊದಲು ನನಗೆ ಸಿಟ್ಟು ಬಂತು. ಅವನು ನಗು ನಿಲ್ಲಿಸಿ ರಯ್ಯಾನ್‌ಗೆ ಅವರ ನವಾಯತಿ ಭಾಷೆಯಲ್ಲಿ ಏನೋ ಕೇಳಿದ. ಆಮೇಲೆ ನಮಗೂ ತಿಳಿಯಲೆಂದು ಕನ್ನಡದಲ್ಲಿ ಕೇಳಿದ.

“ನೀನು ರಜೆಗೆ ಬಂದಾಗ ಅಜ್ಜನ ಅಂಗಡೀಲಿ ಕೂತಿರ್ತಿದ್ಯಲ್ಲ. ದಾದಾ ಅಕ್ಕಿ ಅಳೆದು ಹಾಕ್ವಾಗ ಮೊದಲ್ನೇದಕ್ಕೆ ಎಂತ ಹೇಳ್ತಿದ್ರು?”

ರಯ್ಯಾನ್ ಯೋಚಿಸಿದ. ಅವನ ಮುಖ ಹಗುರವಾಯಿತು. “ಬರ್ಕತ್” ಎಂದ.

“ಆಮೇಲೆ?”

“ದೋನ್, ತೀನ್.”

“ಒಂದು ಎಲ್ಲಿ?”

ಅಫ್ಫಾನ್ ನನ್ನ ಕಡೆ ತಿರುಗಿ, “ನಮ್ಮಲ್ಲಿ ಬರ್ಕತ್, ನಿಮ್ಮಲ್ಲಿ ಲಾಭ. ಅಳತೆ ಒಂದೇ. ಆದ್ರೆ ಒಪ್ಪೂದು ಬಿಡೂದು ಅವಂದು” ಎಂದ.

ಅಫ್ಫಾನ್ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಡಿಸ್ಕ್ ಅವರಲ್ಲೇ ಉಳಿಯುತ್ತಿತ್ತು, ಬಹುಶಃ ಫೈನಲ್ಲೂ. ಅದು ಅವನಿಗೆ ಗೊತ್ತಿತ್ತು. ಹೋದ ವರ್ಷ ಅವನು ಚೆನ್ನಾಗಿ ಆಡಿದ್ರಿ ಎಂದದ್ದು ಕುಹಕವಾಗಿರಲಿಲ್ಲವೇನೋ.

ರಯ್ಯಾನ್ ಡಿಸ್ಕನ್ನು ಒಮ್ಮೆ ನೋಡಿ ನೆಲದ ಮೇಲಿಟ್ಟ. “ಆತು” ಎಂದ. ಈ ಒಂದು ಮಾತು ನಮ್ಮ ಹಾಗೇ ಹೇಳಲು ಕಲಿತಿದ್ದಾನೆ.

ಡಿಸ್ಕ್ ನಮ್ಮದಾಯಿತು. ನಾನು ಎತ್ತಿ ಲಕ್ಕಿಗೆ ಕೊಟ್ಟೆ, ಲಕ್ಕಿ ಜಟ್ಟನಿಗೆ. ಅವರ ಗೆರೆಯ ಹತ್ತಿರ ಜಟ್ಟ ನಿಂತಾಗ ಅವನೆದುರು ಬಂದು ನಿಂತವನು ರಯ್ಯಾನ್. ನಿಂತು, ಎರಡೂ ಕೈ ಚಾಚಿ, ಶುರು ಮಾಡಿದ.

“ಬರ್ಕತ್, ಎರಡು, ಮೂರು...”

ಜಟ್ಟನಿಗೆ ನಗು ಬಂದುಬಿಟ್ಟಿತು. ಎಸೆಯುವುದು ಬಿಟ್ಟು ನಗುತ್ತಾನೆ. ನಾಲ್ಕು, ಐದು. ನಾನು ಮೂಲೆಗೆ ಓಡಿ ಕೈಯೆತ್ತಿ ಕೂಗಿದೆ. ಆರು. ಅವನು ನನ್ನನ್ನು ನೋಡಿದ, ನೋಡಿಯೂ ಎಸೆಯಲಿಲ್ಲ. ಏಳಕ್ಕೆ ತಿರುಗಿ ಈ ಕಡೆಯಿಂದ ಓಡಿ ಬರುತ್ತಿದ್ದ ಲಕ್ಕಿಯ ಮುಂದೆ ಡಿಸ್ಕ್ ಇಟ್ಟ, ಬಾಳೆ ಎಲೆಯ ಮೇಲೆ ಅನ್ನ ಇಟ್ಟ ಹಾಗೆ. ಅವಳು ಗೆರೆ ದಾಟಿ ಹಿಡಿದಳು. ನನ್ನ ಬೆನ್ನಿಗೆ ಇಬ್ಬರು ಅಂಟಿಕೊಂಡಿದ್ದರು, ನನಗೆ ಎಸೆದಿದ್ದರೆ ಹೋಗುತ್ತಿತ್ತು. ಲಕ್ಕಿ ಅಲ್ಲಿಗೆ ಬರುತ್ತಾಳೆಂದು ಅವನಿಗೆ ಹೇಗೆ ಗೊತ್ತಾಯಿತೋ. ಲಕ್ಕಿಗೆ ತಲೆ ಚೆನ್ನಾಗಿ ಓಡುತ್ತದೆ.

ಆಮೇಲೆ ಏನಾಯಿತು ಎಂದು ಸರಿಯಾಗಿ ನೆನಪಿಲ್ಲ. ಯಾರೋ ನನ್ನನ್ನು ಎತ್ತಿದರು. ಅಳುತ್ತಿದ್ದೆನಂತೆ, ಲಕ್ಕಿ ಹೇಳುತ್ತಾಳೆ. ನಾನು ಅದನ್ನು ಒಪ್ಪುವುದಿಲ್ಲ, ಎಣಿಕೆ ಎಂಟರಿಂದ.

ಕೈಕುಲುಕುವಾಗ ಅಫ್ಫಾನ್‌ಗೆ “ಚೆನ್ನಾಗಿ ಆಡಿದ್ರಿ” ಎಂದೆ. ವರ್ಷದಿಂದ ಕಟ್ಟಿಟ್ಟುಕೊಂಡ ಮಾತು. ಹೇಳಬೇಕೆಂದಿದ್ದ ಹಾಗೆ ಬರಲಿಲ್ಲ, ನಿಜವಾಗಿಯೇ ಬಂತು.

ಫೈನಲ್‌ನಲ್ಲಿ ಮಂಗಳೂರಿನವರು ನಮ್ಮನ್ನು ಚೆನ್ನಾಗಿ ತೊಳೆದರು. ಅದರ ಬಗ್ಗೆ ಬರೆಯುವಂಥದ್ದು ಏನಿಲ್ಲ. ಬಸ್ಸಿನಲ್ಲಿ ಹಾಡಿಕೊಂಡು ಬಂದೆವು. ಜಟ್ಟ ಸಾಲು ಹೇಳುವುದು, ನಾವು ತಿರುಗಿ ಹೇಳುವುದು. ನನಗೆ ಅರ್ಧ ಸಾಲುಗಳು ಆಗಲೇ ಬಾಯಿಗೆ ಬಂದಿದ್ದವು, ನಿನ್ನೆ ಯಾವಾಗ ಕಲಿತೆನೋ ತಿಳಿಯದು.

ಡಿಸೆಂಬರ್ ೯, ಮಂಗಳವಾರ

ಕಾಲು ನೋವಿನಿಂದ ನಿನ್ನೆ ಏಳಲಾಗಲಿಲ್ಲ. ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಭತ್ತದ ಲೆಕ್ಕ ಆಟಕ್ಕೆ ಬಂತು ಎಂದು ಅವಳಿಗೆ ಏನೂ ಆಶ್ಚರ್ಯವಾಗಲಿಲ್ಲ. “ಮತ್ತೆ? ಒಂದು ಅಂತ ಯಾರು ಶುರು ಮಾಡ್ತಾರೆ?” ಎಂದಳು. ಮುಂದಿನ ಸಲ ಆಟ ನೋಡಲು ಬಾ ಎಂದೆ. ಮೂರು ವರ್ಷದಲ್ಲಿ ನಾನು ಅವಳನ್ನು ಕರೆದದ್ದೇ ಇಲ್ಲವಂತೆ. ಇರಲಿಕ್ಕಿಲ್ಲ, ಕರೆದಿರುತ್ತೇನೆ.

ಸಂಜೆ ಮೈದಾನಕ್ಕೆ ಹೋದೆವು. ನಮ್ಮ ಮೈದಾನ. ವಿಷಯ ತಿಳಿದು ಹೊಸದಾಗಿ ಆರು ಜನ ಬಂದಿದ್ದರು. ಅವರಿಗೆ ಎಣಿಕೆ ಹೇಳಿಕೊಡಲು ಜಟ್ಟನಿಗೇ ಹೇಳಿದೆ. ನನಗಿಂತ ತಾಳ್ಮೆ ಅವನಿಗೆ ಹೆಚ್ಚು. ಅವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ತಾನು ಹೇಳುವುದು ಅವರು ತಿರುಗಿ ಹೇಳುವುದು, ಹಾಡಿನ ಹಾಗೆಯೇ ಮಾಡಿಸಿದ. ಲಾಭ ಎಂದಾಗ ಇಡೀ ಮೈದಾನ ಲಾಭ ಎಂದಿತು. ಕ್ರಿಕೆಟ್‌ನವರು ಆಟ ನಿಲ್ಲಿಸಿ ನೋಡಿದರು.

ಸುಧಾಕರ ಸರ್ ಬಂದರು. ಕುಮಟೆಯಲ್ಲಿ ನಡೆದದ್ದನ್ನೆಲ್ಲ ಕಣ್ಣಾರೆ ಕಂಡವರು ಒಂದು ಒಳ್ಳೆಯ ಮಾತು ಆಡಬೇಕಲ್ಲ, ಆಡಲಿಲ್ಲ. ಅದು ಅವರ ಸ್ವಭಾವ. ಜಟ್ಟನ ಹತ್ತಿರ ಹೋಗಿ ನಿಂತು ಕೇಳಿದರು.

“ಆತು ಮಾರಾಯ, ಮೈದಾನ ಕೊಟ್ಟಾತು. ಈಗಾದ್ರೂ ಹೇಳು. ಇದ್ರಿಂದ ನಮ್ಮ ಕಾಲೇಜಿಗೆ ಲಾಭ ಎಂತ?”

ಜಟ್ಟ ಪ್ರಶ್ನೆಯನ್ನು ಸರಿಯಾಗಿ ಯೋಚಿಸಿಯೇ ಉತ್ತರ ಕೊಟ್ಟ.

“ಲಾಭ ಅಂದ್ರೆ ಒಂದು, ಸರ್.”

ನಾನು ಡಿಸ್ಕ್ ಎತ್ತಿ ಸರ್ ಕೈಗೆ ಕೊಟ್ಟು, ಎದುರು ಹೋಗಿ ನಿಂತು, ಎಣಿಸಲು ಶುರು ಮಾಡಿದೆ.